ಅಮ್ಮನ ಟಿಕೆಟ್ ಬುಕ್ ಮಾಡುವ ಮುಂಚೆ

ತಂಗಿಯ ಬಾಣಂತನಕ್ಕೆ ಅಮ್ಮ ಅಮೆರಿಕಕ್ಕೆ ಹೊರಟಾಗ ಟಿಕೆಟ್ ಮಾಡಿಸಿದ್ದು ನಾನು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ದೂರ ಸುಮಾರು 14,000 ಕಿ.ಮೀ. ದುಬೈ ಮೇಲೆ ಹೋದರೆ ಮೊದಲು 2,700, ಅಲ್ಲಿಂದ ಮುಂದೆ 13,000. ಜಾಸ್ತಿಯಾಗುವುದು 1,700 ಕಿ.ಮೀ. ಅಂದರೆ ಎರಡು ಗಂಟೆಯ ಹಾರಾಟ. ದುಡ್ಡೂ ಉಳಿಯುತ್ತದೆ ಅಂತ ದುಬೈ ಟಿಕೆಟನ್ನೇ ಮಾಡಿಬಿಟ್ಟೆ.

ಅಮ್ಮನ ಪ್ರಯಾಣ ತೀರ್ಥಹಳ್ಳಿಯ ಮನೆಯಿಂದಲೇ ಶುರು ಅನ್ನೋದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಬೆಂಗಳೂರಿಗೆ ಎಂಟು ಗಂಟೆ. ನಿಲ್ದಾಣದಲ್ಲಿ ನಾಲ್ಕು. ದುಬೈಗೆ ನಾಲ್ಕು, ಅಲ್ಲಿ ಕಾಯೋದು ಒಂಬತ್ತು, ಮುಂದಿನ ವಿಮಾನದಲ್ಲಿ ಹದಿನಾರು. ಇಳಿದ ಮೇಲೆ ಇಮಿಗ್ರೇಷನ್ ಸಾಲು, ಕಾರು ಎಲ್ಲ ಸೇರಿ ಮೂರು. ಒಟ್ಟು 44 ಗಂಟೆ!

ತಂಗಿ ವಿಡಿಯೋ ಕಾಲ್‌ನಲ್ಲಿ ಅಮ್ಮನ ಪಾದ ತೋರಿಸಿದಳು. ಊದಿಕೊಂಡು ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು. ಸೋಪು ಹಚ್ಚಿ ತೆಗೆದರಂತೆ. "ಏನಿಲ್ಲ ಬಿಡೋ, ಕೂತು ಕೂತು ಹಂಗಾಗಿದೆ" ಅಂದಳು ಅಮ್ಮ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಟಿಕೆಟ್ ಮೇಲಿನ ಗಡಿಯಾರವನ್ನೂ ನಂಬಬೇಡಿ. ಆಗ ಇದ್ದ ನೇರ ವಿಮಾನದಲ್ಲಿ ಮಧ್ಯಾಹ್ನ ಹೊರಟವರು ಅದೇ ತಾರೀಖಿನ ಸಂಜೆ ಅಲ್ಲಿ ಇಳಿಯುತ್ತಿದ್ದರು. ನೋಡಿದರೆ ಮೂರ್ನಾಲ್ಕು ಗಂಟೆಯ ದಾರಿ ಅನ್ನಿಸುತ್ತಿತ್ತು. ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ದೇಹಕ್ಕೆ ಮಾತ್ರ ಪೂರ್ತಿ ಹದಿನಾರು ಹದಿನೇಳು ಗಂಟೆ ಆಗಿರುತ್ತಿತ್ತು.

ಆಮೇಲೆ ಮಗನ ಗ್ಲೋಬ್ ತಗೊಂಡು, ಹೂ ಕಟ್ಟುವ ದಾರ ಇಟ್ಟು ನೋಡಿದೆ. ಗೋಡೆಯ ನಕ್ಷೆಯಲ್ಲಿ ಅಟ್ಲಾಂಟಿಕ್ ದಾಟಬೇಕು ಅನ್ನಿಸುತ್ತದಲ್ವಾ? ಗ್ಲೋಬ್ ಮೇಲೆ ದಾರ ಬಿಗಿದರೆ ಅದು ಉತ್ತರಕ್ಕೆ ಏರಿ, ಸೈಬೀರಿಯಾ ದಾಟಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಹಾಗಂತ ವಿಮಾನ ಪ್ರತಿ ಸಲ ಆ ದಾರದ ಮೇಲೇ ಹೋಗುತ್ತಿರಲಿಲ್ಲ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ಈ ದಾರಿಯ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದರು. ಧ್ರುವದ ಮೇಲೆ ಬಂದರೆ ಸುಮಾರು 400 ಕಿ.ಮೀ. ಜಾಸ್ತಿ. ಆದರೂ ಗಾಳಿ ಎದುರಿಗಿದೆಯೋ ಬೆನ್ನಿಗಿದೆಯೋ ನೋಡಿ, ಎಷ್ಟೋ ಸಲ ಸುತ್ತುದಾರಿಯನ್ನೇ ಹಿಡಿಯುತ್ತಾರೆ. ಆಕಾಶದಲ್ಲೇ ಕಿಲೋಮೀಟರ್ ಒಂದನ್ನೇ ನೋಡಿ ಯಾರೂ ದಾರಿ ಆರಿಸಲ್ಲ. ನಾನು ಅದನ್ನೇ ನೋಡಿ ಅರವತ್ತೆಂಟು ವರ್ಷದ ಅಮ್ಮನನ್ನು ಕಳಿಸಿದ್ದೆ.

ದಯವಿಟ್ಟು, ಅಪ್ಪ ಅಮ್ಮನಿಗೆ ಟಿಕೆಟ್ ಮಾಡುವಾಗ ಮನೆಯಿಂದ ಮನೆಗೆ ಎಷ್ಟು ಗಂಟೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಬೆಲೆ ನೋಡಿ.

ವಾಪಸ್ ಬರಲು ನೇರ ವಿಮಾನವನ್ನೇ ಮಾಡಿದೆ. ಓಡಾಡುವ ದಾರಿ ಪಕ್ಕದ ಸೀಟು ಕೇಳಿ ಹಾಕಿಸಿದೆ. ಎರಡು ಗಂಟೆಗೊಮ್ಮೆ ಎದ್ದು ಹಿಂದಿನ ತನಕ ನಡೆದು ಬಂದಳಂತೆ. ಅಲ್ಲಿ ಹಾಸನದ ಇನ್ನೊಬ್ಬ ಅಜ್ಜಿ ಸಿಕ್ಕರಂತೆ, ಅವರೂ ಮಗಳ ಬಾಣಂತನ ಮುಗಿಸಿಕೊಂಡು ಬರ್ತಿದ್ದರು. ಕಾರಿನಲ್ಲಿ ಊರು ಮುಟ್ಟುವ ತನಕ ಅಮ್ಮ ಅವರ ಮೊಮ್ಮಗುವಿನ ಕಥೆಯನ್ನೇ ಹೇಳಿದಳು.