ಐದು ಅಂಕಿಯೊಳಗೆ ಮನುಷ್ಯನ ಗುಣ ಹಿಡಿಸುತ್ತಾ?

ಹೈಸ್ಕೂಲಿನ ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನ ಮಾಡುತ್ತಿದ್ದರು. ಈ ಸಲ ಎರಡೂ ಚೀಟಿ ನನ್ನ ಕೈಗೇ ಬಂದಿವೆ. ಮನಶ್ಶಾಸ್ತ್ರಜ್ಞರು ಒಂದು ಪ್ರಶ್ನೆಪಟ್ಟಿ ಕೊಟ್ಟು, ಟಿಕ್ ಹಾಕಿಸಿ, ಒಬ್ಬರ ಸ್ವಭಾವವನ್ನು ಐದು ಅಂಕಿಗಳಲ್ಲಿ ಬರೆದುಕೊಡುತ್ತಾರಲ್ಲ, ಅದನ್ನು ನಂಬಬಹುದಾ?

ಪರ: ಅಳೆಯುತ್ತಲೇ ಇದ್ದೇವೆ, ಲೆಕ್ಕ ಇಟ್ಟಿರಲಿಲ್ಲ ಅಷ್ಟೇ

ಸ್ವಭಾವ ಅಳೆಯುವುದು ಅಂದ ಕೂಡಲೇ ಕೆಲವರಿಗೆ ಮೈ ಉರಿಯುತ್ತದೆ. "ಮನುಷ್ಯ ಏನು ಅಕ್ಕಿ ಮೂಟೆಯಾ, ತಕ್ಕಡಿಗೆ ಹಾಕೋಕೆ?" ಅನ್ನುತ್ತಾರೆ. ಅದೇ ಜನ ಮಗಳಿಗೆ ಸಂಬಂಧ ಬಂದಾಗ ಏನು ಮಾಡುತ್ತಾರೆ? ಹುಡುಗನ ಬೀದಿಯಲ್ಲಿ ಗುರುತಿನವರು ಯಾರಿದ್ದಾರೆ ಅಂತ ಹುಡುಕುತ್ತಾರೆ. ಫೋನ್ ಮಾಡಿ "ಹುಡುಗನ ಗುಣ ಹೇಗೆ?" ಅಂತ ಕೇಳುತ್ತಾರೆ. "ಸ್ವಲ್ಪ ಮುಂಗೋಪಿ, ಆದರೆ ಜವಾಬ್ದಾರಿ ಜಾಸ್ತಿ" ಅಂತ ಆ ಕಡೆಯಿಂದ ಉತ್ತರ ಬರುತ್ತದೆ. ಒಂದೇ ಮಾತಿನಲ್ಲಿ ಎರಡು ಗುಣ, ಎರಡಕ್ಕೂ ಅಳತೆ. 'ಸ್ವಲ್ಪ' ಅನ್ನುವುದೂ ಅಳತೆಯೇ ಅಲ್ವಾ? ಅಷ್ಟಕ್ಕೇ ಬಿಡದೆ ಇನ್ನೂ ಇಬ್ಬರನ್ನು ಕೇಳಿ ತಾಳೆ ನೋಡುತ್ತಾರೆ.

ಮನಶ್ಶಾಸ್ತ್ರಜ್ಞರು ಶುರು ಮಾಡಿದ್ದೂ ಇಂಥ ಮಾತುಗಳಿಂದಲೇ. ಜನರಿಗೆ ಮುಖ್ಯ ಅನ್ನಿಸಿದ ಗುಣಕ್ಕೆಲ್ಲ ಭಾಷೆಯಲ್ಲಿ ಒಂದು ಪದ ಹುಟ್ಟಿಕೊಂಡೇ ಇರುತ್ತದೆ, ಹಾಗಾಗಿ ನಿಘಂಟು ತೆಗೆದರೆ ಗುಣಗಳ ಪಟ್ಟಿ ಸಿಗುತ್ತದೆ ಅನ್ನುವುದು ಅವರ ಲೆಕ್ಕ. 1884ರಲ್ಲೇ ಫ್ರಾನ್ಸಿಸ್ ಗಾಲ್ಟನ್ ಹೀಗೆ ಇಂಗ್ಲಿಷ್ ಪದಗಳನ್ನು ಎಣಿಸಲು ಹೊರಟಿದ್ದ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್ಬರ್ಟ್ ಅನ್ನುವ ಅಮೆರಿಕದ ಇಬ್ಬರು ವೆಬ್‌ಸ್ಟರ್ ನಿಘಂಟನ್ನು ಮೊದಲಿಂದ ಕೊನೆಯವರೆಗೆ ಜಾಲಾಡಿದರು. ಒಬ್ಬರಿಂದ ಇನ್ನೊಬ್ಬರನ್ನು ಬೇರೆ ಮಾಡಿ ತೋರಿಸುವ 17,953 ಪದ ಸಿಕ್ಕವು. ಈ ಕ್ಷಣದ ಸಿಟ್ಟು, ಇವತ್ತಿನ ಬೇಜಾರು, ಸುಮ್ನೆ ಹೊಗಳಿಕೆ ತೆಗಳಿಕೆ ಇವನ್ನೆಲ್ಲ ಜರಡಿ ಹಿಡಿದ ಮೇಲೆ, ನಿಂತ ಗುಣ ಅನ್ನಬಹುದಾದವು 4,504 ಉಳಿದವು.

ಅಷ್ಟು ಪದ ಇಟ್ಟುಕೊಂಡು ಯಾರೂ ಯಾರನ್ನೂ ಅಳೆಯಲಾರರು. ರೇಮಂಡ್ ಕ್ಯಾಟೆಲ್ ಒಂದೇ ಅರ್ಥದ ಪದಗಳನ್ನು ಒಟ್ಟುಗೂಡಿಸುತ್ತಾ 35 ಗುಂಪಿಗೆ ತಂದ. ಆಮೇಲೆ ಕೆಲಸಕ್ಕೆ ಬಂದದ್ದು ಫ್ಯಾಕ್ಟರ್ ಅನಾಲಿಸಿಸ್. ಹೆಸರು ಭಾರ, ವಿಷಯ ಹಗುರ. ನೂರು ಜನರಿಗೆ ಅವರ ಗೆಳೆಯರಿಂದ ಅಂಕ ಹಾಕಿಸಿ. 'ಮಾತುಗಾರ' ಅನ್ನುವುದಕ್ಕೆ ಜಾಸ್ತಿ ಅಂಕ ಬಂದವರಿಗೆ 'ಹುರುಪಿನವನು' ಅನ್ನುವುದಕ್ಕೂ ಜಾಸ್ತಿ ಬಂದಿರುತ್ತದೆ. 'ಅಚ್ಚುಕಟ್ಟು' ಇದ್ದಲ್ಲಿ 'ಸಮಯಪಾಲನೆ'ಯೂ ಇರುತ್ತದೆ. ಆದರೆ 'ಮಾತುಗಾರ' ಮತ್ತು 'ಅಚ್ಚುಕಟ್ಟು' ಜೊತೆಜೊತೆಯಾಗಿ ಏರಿಳಿಯುವುದಿಲ್ಲ. ಯಾವ ಪದ ಯಾವುದರ ಜೊತೆ ಓಡಾಡುತ್ತದೆ ಅಂತ ಲೆಕ್ಕ ಹಾಕಿದರೆ ಗುಂಪುಗಳು ತಾವೇ ಬೇರೆಯಾಗುತ್ತವೆ.

1961ರಲ್ಲಿ ಅರ್ನೆಸ್ಟ್ ಟ್ಯೂಪ್ಸ್ ಮತ್ತು ರೇಮಂಡ್ ಕ್ರಿಸ್ಟಲ್ ಅಮೆರಿಕದ ವಾಯುಪಡೆಗಾಗಿ ಈ ಲೆಕ್ಕ ಮಾಡಿದರು. ಬೇರೆ ಬೇರೆ ಕಡೆಯ ಎಂಟು ಗುಂಪಿನ ಜನ. ಪ್ರತಿ ಸಲವೂ ಐದೇ ಗುಂಪು ಎದ್ದು ಬಂದವು. ಆ ವರದಿ ವಾಯುಪಡೆಯ ಕಡತದಲ್ಲೇ ವರ್ಷಗಟ್ಟಲೆ ಧೂಳು ತಿಂದಿತು. ಕೊನೆಗೆ 1981ರಲ್ಲಿ ಲೂಯಿಸ್ ಗೋಲ್ಡ್‌ಬರ್ಗ್ 'ಬಿಗ್ ಫೈವ್' ಅಂತ ಹೆಸರಿಟ್ಟ. ನಮ್ಮ ಮಾತಿನಲ್ಲಿ ಹೇಳುವುದಾದರೆ: ಹೊಸದಕ್ಕೆ ತೆರೆದ ಮನಸ್ಸು, ಅಚ್ಚುಕಟ್ಟು, ಜನರ ನಡುವಿನ ಹುರುಪು, ಹೊಂದಿಕೊಳ್ಳುವ ಗುಣ, ಒಳಗಿನ ತಳಮಳ. ಪಾಲ್ ಕೋಸ್ಟಾ ಮತ್ತು ರಾಬರ್ಟ್ ಮೆಕ್ರೇ ಇದಕ್ಕೆ ಮಾಡಿದ ಪ್ರಶ್ನೆಪಟ್ಟಿಯ 1992ರ ಆವೃತ್ತಿಯಲ್ಲಿ 240 ಸಾಲುಗಳಿವೆ. ಗಮನಿಸಿ, ಇದು ಜನರನ್ನು ಡಬ್ಬಿಗೆ ತುಂಬುವುದಲ್ಲ. ವಾಟ್ಸಾಪ್‌ನಲ್ಲಿ ಓಡಾಡುವ 'ನೀವು 16 ಮಾದರಿಗಳಲ್ಲಿ ಯಾರು?' ಅನ್ನುವ ಆಟಕ್ಕೂ ಇದಕ್ಕೂ ಗಂಟು ಹಾಕಬೇಡಿ. ಎತ್ತರದ ಹಾಗೆ ಇಲ್ಲಿ ಎಲ್ಲರಿಗೂ ಎಲ್ಲವೂ ಇದೆ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ. ಬಹುಪಾಲು ಜನ ನಡುವಿನಲ್ಲಿರುತ್ತಾರೆ.

ಸರಿ, ಅಳೆದು ಏನು ಸಿಕ್ಕಿತು? 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೂಯಿಸ್ ಟರ್ಮನ್ ಒಂದೂವರೆ ಸಾವಿರದಷ್ಟು ಜಾಣ ಮಕ್ಕಳನ್ನು ಆರಿಸಿಕೊಂಡು ಅಧ್ಯಯನ ಶುರು ಮಾಡಿದ. ಆಗ ಅಪ್ಪ ಅಮ್ಮ, ಮೇಷ್ಟ್ರುಗಳು ಆ ಮಕ್ಕಳ ಗುಣಕ್ಕೆ ಅಂಕ ಹಾಕಿದ್ದರು. ಎಪ್ಪತ್ತು ವರ್ಷದ ಮೇಲೆ ಹೊವರ್ಡ್ ಫ್ರೀಡ್‌ಮನ್ ಮತ್ತು ಜೊತೆಗಾರರು ಯಾರು ಇದ್ದಾರೆ, ಯಾರು ತೀರಿಕೊಂಡಿದ್ದಾರೆ ಅಂತ ತಾಳೆ ನೋಡಿದರು. ಚಿಕ್ಕಂದಿನಲ್ಲಿ ಅಚ್ಚುಕಟ್ಟು, ಜವಾಬ್ದಾರಿ ಇದ್ದವರು ಹೆಚ್ಚು ಕಾಲ ಬದುಕಿದ್ದರು. ನಗುನಗುತ್ತಾ ಇದ್ದ ಮಕ್ಕಳಲ್ಲ, ನೋಡಿ. ಅವರು ಸ್ವಲ್ಪ ಬೇಗ ಹೋದರು. ಹತ್ತು ವರ್ಷದ ಮಗುವಿನ ಬಗ್ಗೆ ಮೇಷ್ಟ್ರು ಹಾಕಿದ ಒಂದು ಅಂಕ ಅಷ್ಟು ದೂರ ಬೆಳಕು ಚೆಲ್ಲಿದರೆ ಅದನ್ನು ಏನೂ ಅಲ್ಲ ಅನ್ನಲಾದೀತೇ?

ಮನಶ್ಶಾಸ್ತ್ರದಲ್ಲಿ ಹಳೆಯ ಫಲಿತಾಂಶಗಳು ಮತ್ತೆ ಮಾಡಿ ನೋಡಿದಾಗ ಕೈಕೊಡುತ್ತಿವೆ ಅನ್ನುವ ಗಲಾಟೆ ನಿಮಗೂ ಗೊತ್ತಿರಬಹುದು. 2019ರಲ್ಲಿ ಕ್ರಿಸ್ಟೋಫರ್ ಸೋಟೋ ಈ ಐದು ಗುಣಕ್ಕೂ ಬದುಕಿನ ಆಗುಹೋಗುಗಳಿಗೂ ಇದೆ ಅಂತ ಹೇಳಲಾಗಿದ್ದ 78 ನಂಟುಗಳನ್ನು ಮತ್ತೆ ಪರೀಕ್ಷಿಸಿದ. ನೂರಕ್ಕೆ 87ರಷ್ಟು ನಿಂತವು, ಮೊದಲಿಗಿಂತ ತುಸು ತೆಳ್ಳಗಾಗಿ.

'ಸಂದರ್ಭಕ್ಕೆ ತಕ್ಕ ಹಾಗೆ ಎಲ್ಲರೂ ಬದಲಾಗುತ್ತಾರೆ' ಅನ್ನುವುದು ಹಳೆಯ ತಕರಾರು. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ಮನುಷ್ಯನ ವಿಷಯದಲ್ಲಿ ಸಾಲದು. ಒಂದು ದಿನದ ನಡತೆಯಿಂದ ಇನ್ನೊಂದು ದಿನದ್ದನ್ನು ಹೇಳಲಾಗುವುದಿಲ್ಲ. ಆದರೆ ಹತ್ತಾರು ದಿನದ ಸರಾಸರಿ ತೆಗೆದರೆ ಗುಣ ಗಟ್ಟಿಯಾಗಿ ಕಾಣುತ್ತದೆ. ಸೀಮೋರ್ ಎಪ್ಸ್ಟೀನ್ 1979ರಲ್ಲಿ ತೋರಿಸಿದ್ದು ಇದನ್ನೇ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವ ಗಾದೆಯನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಅವಳಿ ಮಕ್ಕಳ ಅಧ್ಯಯನಗಳಲ್ಲಿ ಜನರ ನಡುವಿನ ವ್ಯತ್ಯಾಸದ ಅರ್ಧದ ಹತ್ತಿರದಷ್ಟು ಹುಟ್ಟಿನಿಂದ ಬಂದದ್ದು ಅಂತ ಕಾಣುತ್ತದೆ. ಉಳಿದರ್ಧ ಬದುಕಿನದು. ಇಪ್ಪತ್ತರಿಂದ ನಲವತ್ತರ ನಡುವೆ ಸಾಮಾನ್ಯವಾಗಿ ಅಚ್ಚುಕಟ್ಟು ಏರುತ್ತದೆ, ತಳಮಳ ಇಳಿಯುತ್ತದೆ. ಇಷ್ಟನ್ನು ಹೇಳಲು ಅಳತೆಗೋಲು ಬೇಕೇಬೇಕಿತ್ತು. ಬರೀ "ಮದುವೆಯಾದರೆ ಸರಿಹೋಗ್ತಾನೆ ಬಿಡಿ" ಅನ್ನುವುದರಿಂದ ತಿಳಿಯುತ್ತಿರಲಿಲ್ಲ.

ವಿರೋಧ: ಯಾರ ಮದುವೆ ಅಂತ ಮೊದಲು ಹೇಳಿ

ಕಳೆದ ಸಂಕ್ರಾಂತಿಗೆ ಊರಿಗೆ ಹೋದಾಗ ಅಮ್ಮನ ಎದುರು ಕೂತು ಇಂಥದ್ದೊಂದು ಪಟ್ಟಿ ಓದಿದೆ. ಅಮ್ಮ ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಪ್ರತಿ ಸಾಲಿಗೂ ಒಂದರಿಂದ ಐದರೊಳಗೆ ಅಂಕ ಹೇಳಬೇಕು. ಪೂರ್ತಿ ಸುಳ್ಳು ಅಂದರೆ ಒಂದು, ಪೂರ್ತಿ ನಿಜ ಅಂದರೆ ಐದು.

"ಪಾರ್ಟಿಗಳಲ್ಲಿ ತುಂಬಾ ಜನರ ಜೊತೆ ಮಾತಾಡುತ್ತೇನೆ" ಅಂತ ಓದಿದೆ.

"ಯಾವ ಪಾರ್ಟಿ? ಎಲೆಕ್ಷನ್ ಪಾರ್ಟಿನಾ?"

"ಅಲ್ಲಮ್ಮ, ಮದುವೆಮನೆ ಅಂತ ಇಟ್ಕೋ."

"ಯಾರ ಮದುವೆ? ನಮ್ಮ ಕಡೇದಾ, ನಿಮ್ಮಪ್ಪನ ಕಡೇದಾ?"

ತಮಾಷೆಗೆ ಕೇಳಿದ್ದಲ್ಲ. ತವರಿನ ಕಡೆ ಮದುವೆಯಾದರೆ ಐದು, ಅತ್ತೆಮನೆ ಕಡೆಯದಾದರೆ ಒಂದು ಅಂತ ಬರೆಸಿದಳು. ಪಟ್ಟಿಯಲ್ಲಿ ಒಂದೇ ಖಾನೆ. ಸರಾಸರಿ ತೆಗೆದು ಮೂರು ಅಂತ ಹಾಕಿದೆ. ಆ ಮೂರರ ಹೆಂಗಸು ಯಾವ ಮದುವೆಯಲ್ಲೂ ಇಲ್ಲ. ಸರಾಸರಿ ತೆಗೆದರೆ ಗುಣ ಗಟ್ಟಿಯಾಗುತ್ತದೆ ಅಂತ ಮೇಲೆ ವಾದ ಮಾಡಿದ್ದೇನೆ. ಗಟ್ಟಿಯಾಗುತ್ತದೆ, ನಿಜ. ಆದರೆ ನಮ್ಮಮ್ಮ ಕಳೆದುಹೋಗುತ್ತಾಳೆ.

ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಗಾದೆ ಕಟ್ಟಿದವರಿಗೆ ಇದು ಗೊತ್ತಿತ್ತು. ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಅನ್ನುವ ಅಮೆರಿಕದ ಇಬ್ಬರು, 1928ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾವಿರಾರು ಶಾಲಾಮಕ್ಕಳಿಗೆ ಕದಿಯುವ, ಕಾಪಿ ಹೊಡೆಯುವ, ಸುಳ್ಳು ಹೇಳುವ ಅವಕಾಶ ಕೊಟ್ಟು ನೋಡಿದರು. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆಯೂ ಮಾಡುತ್ತದೆ ಅನ್ನುವ ಹಾಗಿರಲಿಲ್ಲ. 1968ರಲ್ಲಿ ವಾಲ್ಟರ್ ಮಿಶೆಲ್ ಅಲ್ಲಿಯವರೆಗಿನ ಸಂಶೋಧನೆಯನ್ನೆಲ್ಲ ರಾಶಿ ಹಾಕಿ ನೋಡಿದ. ಗುಣದ ಅಂಕಕ್ಕೂ ನಿಜವಾದ ನಡತೆಗೂ ಇರುವ ನಂಟು 0.3ರ ಆಸುಪಾಸಿನಲ್ಲೇ ನಿಲ್ಲುತ್ತದೆ ಅಂದ. 0.3 ಅಂದರೆ ಎಷ್ಟು? ಕಣ್ಣು ಮುಚ್ಚಿ ಊಹಿಸಿದರೆ ನೂರರಲ್ಲಿ ಐವತ್ತು ಸರಿಯಾಗುವ ಕಡೆ, ಈ ಅಂಕ ನೋಡಿ ಊಹಿಸಿದರೆ ಅರವತ್ತೈದು ಸರಿಯಾಗುತ್ತದೆ. ಸಾವಿರ ಜನರ ಲೆಕ್ಕಕ್ಕೆ ಅದು ದೊಡ್ಡದೇ. ಎದುರಿಗೆ ಕೂತ ಒಬ್ಬ ಮನುಷ್ಯನ ಬಗ್ಗೆ ತೀರ್ಪು ಕೊಡೋಕೆ?

ಮಿಶೆಲ್ ಆಮೇಲೆ ಯುಯಿಚಿ ಶೋಡಾ ಜೊತೆ ಸೇರಿ ಬೇಸಿಗೆ ಶಿಬಿರವೊಂದರ ಮಕ್ಕಳನ್ನು ವಾರಗಟ್ಟಲೆ ಗಮನಿಸಿದ. ಇಬ್ಬರು ಹುಡುಗರಿಗೆ ಒಟ್ಟು ಸಿಟ್ಟು ಒಂದೇ ಅಷ್ಟಿರಬಹುದು. ಆದರೆ ಒಬ್ಬ ಓರಗೆಯ ಹುಡುಗರು ಕೆಣಕಿದಾಗ ರೇಗುತ್ತಾನೆ, ಇನ್ನೊಬ್ಬ ದೊಡ್ಡವರು ಗದರಿದಾಗ. 'ಹೀಗಾದರೆ ಹೀಗೆ' ಅನ್ನುವ ಈ ಜಾಡು ಆ ಹುಡುಗನಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತು. ಗುಣ ಅನ್ನುವುದು ಅಲ್ಲಿದೆ. ಐದು ಅಂಕಿ ಒರೆಸಿಹಾಕುವುದು ಅದನ್ನೇ.

ಇನ್ನು ನಿಘಂಟಿನ ವಿಷಯ. ನಿಘಂಟು ಯಾರದು? ವೆಬ್‌ಸ್ಟರ್ ಬದಲು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ಹಿಡಿದು ಕೂತಿದ್ದರೆ ಏನು ಸಿಗುತ್ತಿತ್ತು? ಒಂದೇ ಪದ ತೆಗೆದುಕೊಳ್ಳಿ: ದಾಕ್ಷಿಣ್ಯ. ಸೋದರಮಾವ ಬಂದು ಐವತ್ತು ಸಾವಿರ ಕೇಳುತ್ತಾರೆ. ವಾಪಸ್ ಬರಲ್ಲ ಅಂತ ಗೊತ್ತು. ಕೊಡೋಕೆ ಮನಸ್ಸೂ ಇಲ್ಲ. ಅವರ ಮುಖ ನೋಡಿ "ಆಯ್ತು ಮಾವ" ಅಂದುಬಿಡುತ್ತೇವೆ. ಅವರು ಗೇಟು ದಾಟಿದ ಮೇಲೆ ನಮ್ಮನ್ನೇ ಬೈದುಕೊಳ್ಳುತ್ತೇವೆ. ಇದು ಹೊಂದಿಕೊಳ್ಳುವ ಗುಣವಾ? ಅಲ್ಲ, ಒಳಗೆ ಗೊಣಗಾಟ ನಡೆದೇ ಇದೆ. ತಳಮಳವಾ? ಬ್ಯಾಂಕಿನವನು ಫೋನ್ ಮಾಡಿ ಕ್ರೆಡಿಟ್ ಕಾರ್ಡ್ ಮಾರಲು ಬಂದರೆ ಇದೇ ನಾವು ಖಡಕ್ಕಾಗಿ ಬೇಡ ಅನ್ನುತ್ತೇವೆ. ದಾಕ್ಷಿಣ್ಯ ಅನ್ನುವ ಪದದೊಳಗೇ ಎದುರಿಗೊಬ್ಬರು ಕೂತಿದ್ದಾರೆ. ಅವರನ್ನು ಎಬ್ಬಿಸಿ ಕಳಿಸಿ ಅಳೆಯೋಕಾಗಲ್ಲ.

ಇದು ಬರೀ ನಮ್ಮ ಕೊರಗಲ್ಲ. ಕೊರಿಯನ್, ಡಚ್, ಹಂಗೇರಿಯನ್ ಸೇರಿ ಏಳು ಭಾಷೆಗಳ ಪದಗಳನ್ನು ಹೀಗೇ ಲೆಕ್ಕ ಹಾಕಿ ನೋಡಿದ ಮೈಕೇಲ್ ಆಷ್ಟನ್ ಮತ್ತು ಕಿಬಿಯೊಮ್ ಲೀ 2004ರಲ್ಲಿ ಆರು ಅಂದರು. ಆರನೆಯದು ಪ್ರಾಮಾಣಿಕತೆ ಮತ್ತು ವಿನಯ. ಬೊಲಿವಿಯಾದ ಕಾಡಿನಂಚಿನಲ್ಲಿ ಬೇಟೆ, ಬೇಸಾಯ ಮಾಡಿಕೊಂಡಿರುವ ತ್ಸಿಮಾನೆ ಜನರಲ್ಲಿ 632 ಮಂದಿಯನ್ನು ಮೈಕೇಲ್ ಗರ್ವೆನ್ ತಂಡ ಕೇಳಿತು. 2013ರಲ್ಲಿ ಬಂದ ಫಲಿತಾಂಶದಲ್ಲಿ ಐದು ಕಾಣಲೇ ಇಲ್ಲ. ಎದ್ದು ಕಂಡದ್ದು ಎರಡು: ಜನರ ಜೊತೆ ಚೆನ್ನಾಗಿರುವುದು, ಮೈಬಗ್ಗಿಸಿ ದುಡಿಯುವುದು. ಹಾಗಾದರೆ ಐದು ಅನ್ನುವುದು ಮನುಷ್ಯರ ಲೆಕ್ಕವೋ, ಕಾಲೇಜು ಓದಿ ಫಾರ್ಮ್ ತುಂಬಿ ಅಭ್ಯಾಸ ಇರುವವರ ಲೆಕ್ಕವೋ?

ಫಾರ್ಮ್ ತುಂಬುವವರ ಕಥೆ ನನಗೂ ಗೊತ್ತು. ನನ್ನ ಮೊದಲ ಕೆಲಸಕ್ಕೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಥ ಪರೀಕ್ಷೆ ಇಟ್ಟಿದ್ದರು. ಒಳಗೆ ಹೋಗುವ ಮುಂಚೆ, ಹಿಂದಿನ ವರ್ಷ ಸೇರಿದ್ದ ಸೀನಿಯರ್ ಒಬ್ಬರು ಕಾರಿಡಾರಿನಲ್ಲಿ ಗುಟ್ಟು ಹೇಳಿಕೊಟ್ಟರು. "ಟೀಮು, ಡೆಡ್‌ಲೈನು ಅಂತ ಕಂಡಲ್ಲೆಲ್ಲ ಐದು ಒತ್ತು. ಸಿಟ್ಟು ಅಂತ ಕಂಡರೆ ಒಂದು. ಎಲ್ಲಾದಕ್ಕೂ ಐದು ಒತ್ತಬೇಡ, ಡೌಟ್ ಬರುತ್ತೆ. ಮಧ್ಯೆ ನಾಲ್ಕು ಹಾಕು." ನಾವು ಎಂಟು ಜನ ಎಂಟು ಕಂಪ್ಯೂಟರಿನ ಮುಂದೆ ಕೂತು ಒಂದೇ ಮನುಷ್ಯನ ಸ್ವಭಾವ ಬರೆದು ಬಂದೆವು. ಆ ಮನುಷ್ಯನಿಗೆ ಕೆಲಸ ಸಿಕ್ಕಿತು.

ಸೇನೆಯವರು ಅಧಿಕಾರಿಗಳನ್ನು ಆರಿಸುವಾಗ ಟಿಕ್ ಮಾರ್ಕನ್ನು ನೆಚ್ಚಿಕೊಂಡಿಲ್ಲ. ಬೆಂಗಳೂರಿನ ಆಯ್ಕೆ ಕೇಂದ್ರದಲ್ಲಿ ಐದು ದಿನ ಇಟ್ಟುಕೊಳ್ಳುತ್ತಾರೆ. ಚಿತ್ರ ತೋರಿಸಿ ಕಥೆ ಬರೆಸುತ್ತಾರೆ. 60 ಪದ ಒಂದೊಂದಾಗಿ ತೋರಿಸಿ, 15 ಸೆಕೆಂಡಿನಲ್ಲಿ ಒಂದೊಂದಕ್ಕೂ ಹೊಳೆದ ವಾಕ್ಯ ಬರೆಸುತ್ತಾರೆ. ಹಗ್ಗ, ಹಲಗೆ ಕೊಟ್ಟು ಗುಂಪಾಗಿ ಅಡೆತಡೆ ದಾಟಿಸುತ್ತಾರೆ. ಅದಕ್ಕೂ ಕೋಚಿಂಗ್ ಸೆಂಟರುಗಳಿವೆ, ಆ ಮಾತು ಬೇರೆ. ಆದರೂ ಹೊರಲಾರದ ಹಲಗೆಯನ್ನು ಹೊತ್ತ ಹಾಗೆ ತೋರಿಸೋದು ಕಷ್ಟ.

ಅವತ್ತು ಅಮ್ಮನ ಪಟ್ಟಿ ಅರ್ಧಕ್ಕೇ ನಿಂತಿತು. ಪ್ರತಿ ಸಾಲಿಗೂ "ಯಾರ ಜೊತೆ?", "ಯಾವಾಗ?" ಅಂತ ಕೇಳುತ್ತಿದ್ದಳು. ಸಾಕು ಬಿಡು ಅಂತ ಮುಚ್ಚಿಡಲು ಹೋದೆ. "ಇರು, ನಿನ್ನದು ನಾನು ಹೇಳ್ತೀನಿ, ಬರ್ಕೋ" ಅಂದಳು. ನಾನು ಓದುತ್ತಾ ಹೋದೆ. ಒಂದು ಸಲವೂ ಯಾವಾಗ ಅಂತ ಕೇಳಲಿಲ್ಲ, ಯಾರ ಜೊತೆ ಅಂತ ಕೇಳಲಿಲ್ಲ. ಕಾಳು ಹಿತುಕುವ ಕೈ ನಿಲ್ಲಿಸದೆ ಎರಡು, ನಾಲ್ಕು, ಒಂದು ಅಂತ ಪಟಪಟ ಹೇಳಿದಳು.

"ನನ್ನ ವಸ್ತುಗಳನ್ನು ಎಲ್ಲೆಂದರಲ್ಲಿ ಬಿಡುತ್ತೇನೆ" ಅಂತ ಓದಿದೆ.

"ಐದು" ಅಂದಳು. ಆಮೇಲೆ ತಲೆ ಎತ್ತಿ, "ಐದರ ಮೇಲೆ ಇಲ್ವೇನೋ ಅದರಲ್ಲಿ?" ಅಂತ ಕೇಳಿದಳು.