ಗಿಟಾರಿನೊಳಗಿನ ಹನ್ನೊಂದು ಬೆಂಕಿಕಡ್ಡಿ

ನನಗೆ ಗಿಟಾರ್ ನುಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಂಗಳೂರಿನ ಉರ್ವದ ನಮ್ಮ ಮನೆಗೆ ಬಂದವರು ಹಾಲ್‌ನ ಮೂಲೆಯಲ್ಲಿ ನಿಂತಿರುವ ಕೆಂಪು ಎಲೆಕ್ಟ್ರಿಕ್ ಗಿಟಾರ್ ನೋಡಿ, "ಓಹೋ, ನೀವು ನುಡಿಸ್ತೀರಾ?" ಎಂದು ಕೇಳುತ್ತಾರೆ. "ಇಲ್ಲ, ಬಿಚ್ಚುತ್ತೇನೆ" ಎಂದರೆ ತಮಾಷೆ ಎಂದುಕೊಂಡು ನಗುತ್ತಾರೆ. ಒಳಗಿನಿಂದ ನನ್ನ ಹೆಂಡತಿ ಮಾತ್ರ ನಗುವುದಿಲ್ಲ.

ಆಸೆ ಹಳೆಯದು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಾವು ಕುಲಶೇಖರದಲ್ಲಿ ಬಾಡಿಗೆಗೆ ಇದ್ದೆವು. ಪಕ್ಕದ ಕ್ರಿಶ್ಚಿಯನ್ನರ ಮನೆಯಲ್ಲಿ ರೋಸ್. ಮದುವೆಗೆ ಮುಂಚೆ ಮದುಮಗನಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಅದು. ಅಂಗಳದಲ್ಲಿ ಚಪ್ಪರ, ಚಪ್ಪರದ ಕೆಳಗೆ ಬ್ಯಾಂಡ್, ಬ್ಯಾಂಡಿನ ತುದಿಯಲ್ಲಿ ಕೆಂಪು ಗಿಟಾರ್ ಹಿಡಿದ ಒಬ್ಬ ತೆಳ್ಳನೆಯ ಹುಡುಗ. ಎಲ್ಲರೂ ಮದುಮಗನನ್ನು ನೋಡುತ್ತಿದ್ದರು. ನಾನು ಆ ಗಿಟಾರಿನಿಂದ ಹೊರಟ ವಯರ್ ಎಲ್ಲಿಗೆ ಹೋಗುತ್ತದೆ ಎಂದು ಕುರ್ಚಿಗಳ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದೆ. ನಾನು ಮುಂದೆ ಎಂಥ ಸಂಗೀತಗಾರ ಆಗುತ್ತೇನೆಂದು ಅವತ್ತೇ ಗೊತ್ತಾಗಬೇಕಿತ್ತು.

ಮೂವತ್ತು ಚಿಲ್ಲರೆ ವರ್ಷಗಳ ನಂತರ, ಒಂದು ರಾತ್ರಿ ನಿದ್ದೆ ಬಾರದೆ ಮೊಬೈಲ್ ತಿಕ್ಕುತ್ತಿದ್ದಾಗ ಅದೇ ಬಣ್ಣದ ಗಿಟಾರ್ ಮಾರಾಟಕ್ಕೆ ಕಂಡಿತು. ಬೆಂಗಳೂರಿನವರು. ಅಮೆರಿಕದ ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಎಂಬ ಗಿಟಾರಿನ ಮಾದರಿ. ಮೂರು ಫೋಟೋ. ಒಂದರಲ್ಲಿ ಸೋಫಾದ ಮೇಲೆ ಮಲಗಿತ್ತು, ಒಂದರಲ್ಲಿ ಅದೇ ಸೋಫಾಕ್ಕೆ ಒರಗಿ ಕೂತಿತ್ತು, ಮೂರನೆಯದರಲ್ಲಿ ಅರ್ಧಕ್ಕರ್ಧ ಸೋಫಾವೇ ಇತ್ತು. "ಕಂಡೀಷನ್ ಹತ್ತಕ್ಕೆ ಒಂಬತ್ತು" ಎಂದು ಬರೆದಿದ್ದರು. ಆ ಉಳಿದ ಒಂದು ಎಲ್ಲಿ ಹೋಯಿತು ಎಂದು ಬುದ್ಧಿ ಇರುವವನು ಕೇಳುತ್ತಾನೆ. ನಾನು ಒಂಬತ್ತೂವರೆ ಸಾವಿರವನ್ನು ಎಂಟಕ್ಕೆ ಇಳಿಸಿದ ಖುಷಿಯಲ್ಲಿ ಕೇಳಲಿಲ್ಲ. ಹಿಂಬದಿಯ ಫೋಟೋ ಒಂದೂ ಇಲ್ಲ ಎಂಬುದು ಹೊಳೆದದ್ದು ದುಡ್ಡು ಕಳಿಸಿದ ಮೇಲೆ.

ಆಟಿ ತಿಂಗಳು, ತುಳುನಾಡಿನ ಜಡಿಮಳೆಯ ಕಾಲ. ಶಿರಾಡಿ ಘಾಟಿಯ ಮಳೆಯಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಗಿಟಾರ್ ಇಳಿದು ಬಂತು. ರಟ್ಟಿನ ಪೆಟ್ಟಿಗೆಯ ಒಂದು ಮೂಲೆ ನೆನೆದು ಮೆತ್ತಗಾಗಿತ್ತು. ಬಿಚ್ಚಿದರೆ ಮೇಲ್ನೋಟಕ್ಕೆ ಎಲ್ಲ ಸರಿ ಉಂಟು. ಹೊಳೆಯುವ ಕೆಂಪು, ಅದರ ಮೇಲೆ ಪಿಕ್‌ಗಾರ್ಡ್ ಎಂಬ ಬಿಳಿ ಪ್ಲಾಸ್ಟಿಕ್ ಹಾಳೆ, ಆರು ತಂತಿ. ಅಮ್ಮ ಕನ್ನಡಕ ಹಾಕಿಕೊಂಡು ಬಂದು ನೋಡಿ, "ಹೊಟ್ಟೆಯೇ ಇಲ್ಲವಲ್ಲ ಇದಕ್ಕೆ, ಶಬ್ದ ಎಲ್ಲಿಂದ ಬರ್ತದೆ?" ಎಂದರು. ಒಳ್ಳೆಯ ಪ್ರಶ್ನೆ. ವೀಣೆಗೆ ಕೊಡ ಉಂಟು, ತಂಬೂರಿಗೆ ಬುರುಡೆ ಉಂಟು. ಇದು ಬರೀ ಹಲಗೆ. ಶಬ್ದ ಹೊರಡುವುದು ತಂತಿಯ ಕೆಳಗಿರುವ ಪಿಕಪ್‌ಗಳಿಂದ. ನನ್ನದರಲ್ಲಿ ಮೂರು ಪಿಕಪ್, ಯಾವುದು ಬೇಕೆಂದು ಆರಿಸಲು ಐದು ಹಂತದ ಒಂದು ಸ್ವಿಚ್. ಆ ಸ್ವಿಚ್ಚಿನದ್ದೇ ಒಂದು ಕತೆ. 1954ರಲ್ಲಿ ಈ ಮಾದರಿ ಬಂದಾಗ ಅದಕ್ಕೆ ಮೂರೇ ಹಂತ. ನುಡಿಸುವವರು ಅದನ್ನು ಎರಡು ಹಂತಗಳ ನಡುವೆ ಉಪಾಯವಾಗಿ ನಿಲ್ಲಿಸಿ ಎರಡೆರಡು ಪಿಕಪ್ ಒಟ್ಟಿಗೆ ಹಾಡಿಸುತ್ತಿದ್ದರು. ಕೊನೆಗೆ 1977ರಲ್ಲಿ ಕಂಪನಿಯೇ ಐದು ಹಂತದ್ದನ್ನು ಕೊಟ್ಟಿತು.

ನಾನು ಸ್ವಿಚ್ಚನ್ನು ತುದಿಗೆ ತಳ್ಳಿದೆ. ಗಿಟಾರ್ ಸತ್ತಿತು. ಹಿಂದಕ್ಕೆ ತಂದೆ, ಬದುಕಿತು. ಇನ್ನೊಂದು ತೊಂದರೆಯೂ ಇತ್ತು. ಶ್ರುತಿ ಮಾಡಿ ಒಂದು ಲೋಟ ಚಾ ಕುಡಿದು ಬರುವುದರೊಳಗೆ ಆರೂ ತಂತಿಗಳು ಇಳಿದಿರುತ್ತಿದ್ದವು. ಒಂದೋ ಎರಡೋ ಇಳಿದರೆ ಬಿರಡೆ ಸಡಿಲ ಎನ್ನಬಹುದು. ಆರೂ ಒಟ್ಟಿಗೆ ಇಳಿದರೆ?

ಮಾರಿದವರಿಗೆ ಫೋನ್ ಮಾಡಿದೆ. "ಆ ಸ್ವಿಚ್ ನಾನು ಆ ಕಡೆ ಹಾಕಿಯೇ ಇಲ್ಲ ಸರ್" ಎಂದರು. ಎಷ್ಟು ಶಾಂತವಾಗಿ ಹೇಳಿದರೆಂದರೆ, ಹಾಕಿದ್ದು ನನ್ನದೇ ತಪ್ಪೇನೋ ಅನಿಸಿತು.

ಕಳಿಸಿದವರ ಮೇಲಿನ ಸಿಟ್ಟು ಮೂರು ದಿನ ಇತ್ತು. ನಾಲ್ಕನೇ ದಿನ ಸ್ಕ್ರೂಡ್ರೈವರ್ ತೆಗೆದೆ. ಈ ಮಾದರಿಯ ಗಿಟಾರಿನ ಕತ್ತನ್ನು ಅಂಟು ಹಾಕಿ ಕೂರಿಸುವುದಿಲ್ಲ, ಹಿಂದಿನಿಂದ ನಾಲ್ಕು ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ನಾಲ್ಕನ್ನೂ ಬಿಚ್ಚಿ ಕತ್ತನ್ನು ಎತ್ತಿದೆ. ಸ್ಕ್ರೂ ತೂತುಗಳಿಂದ ಬೆಂಕಿಕಡ್ಡಿಗಳು ಉದುರಿದವು. ಲೆಕ್ಕ ಮಾಡಿದೆ, ಹನ್ನೊಂದು. ಒಂದಕ್ಕೆ ಮದ್ದು ಕೂಡ ಹಾಗೇ ಇತ್ತು.

ಯಾರೋ ಯಾವಾಗಲೋ ಸ್ಕ್ರೂಗಳನ್ನು ಅತಿಯಾಗಿ ತಿರುಗಿಸಿ ಮರದ ಎಳೆ ಕಿತ್ತು ಹಾಕಿದ್ದರು. ಆಮೇಲೆ ಹಿಡಿತಕ್ಕೆ ಕಡ್ಡಿ ತುರುಕಿದ್ದರು. ಬಾಗಿಲಿನ ತಿಜಾಗರಿಗೆ ನಾವೆಲ್ಲ ಮಾಡುವ ಉಪಾಯವೇ. ಆದರೆ ತೆಳು ತಂತಿ ಹಾಕಿದರೂ ಆರು ತಂತಿಗಳು ಸೇರಿ ಕತ್ತನ್ನು ಎಳೆಯುವುದು 35 ಕಿಲೋಗೂ ಜಾಸ್ತಿ ಭಾರದಲ್ಲಿ. ಹತ್ತಿರ ಹತ್ತಿರ ಒಂದೂವರೆ ಚೀಲ ಕುಚ್ಚಲಕ್ಕಿ. ಅದನ್ನು ಹನ್ನೊಂದು ಬೆಂಕಿಕಡ್ಡಿ ಹಗಲೂ ರಾತ್ರಿ ಹಿಡಿದುಕೊಂಡಿದ್ದವು. ಸಿಟ್ಟು ಮಾಡಲು ಹೋದವನಿಗೆ ಕಡ್ಡಿಗಳ ಬಗ್ಗೆ ಗೌರವ ಬಂತು.

ಇನ್ನೊಂದು ವಸ್ತುವೂ ಸಿಕ್ಕಿತು. ಕತ್ತು ಕೂರುವ ಗುಂಡಿಯ ತಳದಲ್ಲಿ ಮಡಚಿಟ್ಟ ಒಂದು ದಪ್ಪ ಕಾಗದದ ತುಂಡು. ಕತ್ತಿನ ಓರೆ ಸ್ವಲ್ಪ ಬದಲಾಯಿಸಿ ತಂತಿಗಳನ್ನು ಬೆರಳಿಗೆ ಹತ್ತಿರ ತರಲು ಹೀಗೆ ಕಾಗದ ಇಡುವುದುಂಟು, ಅದು ಮೋಸ ಅಲ್ಲ. ಬಿಡಿಸಿ ನೋಡಿದರೆ ಮದುವೆಯ ಕರೆಯೋಲೆಯ ಮೂಲೆ. ಚಿನ್ನದ ಬಣ್ಣದ ಅಕ್ಷರದಲ್ಲಿ "ಆಗಮನಾಭಿ" ಅಂತ ಇತ್ತು. ಲಾಷಿಗಳು ಕತ್ತರಿಗೆ ಹೋಗಿದ್ದರು.

ಆ ತುಂಡನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದೆ. ಕಡ್ಡಿ ತುರುಕಿದವನು ಅವಸರದವನು. ಈ ಕಾಗದ ಇಟ್ಟವನು ಬೇರೆ. ಅಂಚು ಸಮ ಮಾಡಿ ಕತ್ತರಿಸಿದ್ದ, ಸ್ಕ್ರೂ ಹೋಗುವಲ್ಲಿ ಎರಡು ತೂತು ಕೂಡ ಕೊರೆದಿದ್ದ. ನನಗಿಂತ ಮುಂಚೆ ಕಡಿಮೆ ಅಂದರೂ ಇಬ್ಬರು ಈ ಗಿಟಾರಿನ ಒಳಗೆ ಕೈ ಹಾಕಿದ್ದಾರೆ. ಒಬ್ಬನಿಗಾದರೂ ಇದರ ಮೇಲೆ ಪ್ರೀತಿ ಇತ್ತು.

ಕತ್ತನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ, ನಮ್ಮ ಮನೆಯ ಬಾಗಿಲು ಕಿಟಕಿ ಮಾಡಿಕೊಟ್ಟ ಆಚಾರ್ರ ಹತ್ತಿರ ಹೋದೆ. ಅವರು ಬಿರಡೆಗಳ ಕಡೆ ನೋಡಲೇ ಇಲ್ಲ. ಬೆರಳು ಓಡಾಡುವ ಪಟ್ಟಿಯನ್ನು ಉಗುರಿನಿಂದ ಕೆರೆದು ಮೂಸಿ, "ಇದು ಬೀಟೆ ಅಲ್ವಾ" ಎಂದರು. ನಮ್ಮ ಘಟ್ಟದ ಬೀಟೆ ಮರ ಜಗತ್ತಿನ ಎಷ್ಟೋ ಗಿಟಾರುಗಳ ಕತ್ತಿನ ಮೇಲೆ ಕೂತಿದೆ ಎಂದು ನಾನು ಹೇಳಿದೆ. "ಹಾಗಾದರೆ ಊರಿಗೆ ಬಂತು ಅನ್ನಿ" ಎಂದು ಕೆಲಸಕ್ಕೆ ಕೂತರು. ತೂತುಗಳನ್ನು ಸ್ವಲ್ಪ ದೊಡ್ಡದು ಮಾಡಿ, ಗಟ್ಟಿ ಮರದ ನಾಲ್ಕು ಗೂಟ ಕೆತ್ತಿ, ಫೆವಿಕಾಲ್ ಹಚ್ಚಿ ಬಡಿದರು. ಗೂಟ ಯಾವ ಮರದ್ದು ಎಂದು ಕೇಳಿದೆ. "ಹಳೇದು" ಎಂದರು. ಅದಕ್ಕಿಂತ ಒಳ್ಳೆಯ ಜಾತಿ ಇಲ್ಲ ಎಂಬ ಹಾಗಿತ್ತು ದನಿ. "ಆಟಿಯಲ್ಲಿ ಅಂಟು ಬೇಗ ಒಣಗುದಿಲ್ಲ. ಮೂರು ದಿನ ಇದರ ಸುದ್ದಿಗೆ ಹೋಗ್ಬೇಡಿ." ಚಪ್ಪಲಿಯ ಮೇಲೂ ಬೂಸ್ಟು ಬರುವ ಕಾಲ, ನಾನು ಐದು ದಿನ ಬಿಟ್ಟೆ.

ಆ ಐದು ದಿನದಲ್ಲಿ ಪಿಕ್‌ಗಾರ್ಡ್ ಬಿಚ್ಚಿ ಮೂರು ಪಿಕಪ್‌ಗಳಿಗೂ ಮಲ್ಟಿಮೀಟರ್ ಹಿಡಿದೆ. ಎರಡರಲ್ಲಿ ಆರು ಕಿಲೋ ಓಮ್‌ನ ಹತ್ತಿರ ತೋರಿಸಿತು. ಮೂರನೆಯದರಲ್ಲಿ ಏನೂ ಇಲ್ಲ. ಒಳಗೆ ಎಲ್ಲೋ ತಂತಿ ತುಂಡಾಗಿದೆ. ಪಿಕಪ್ ಅಂದರೆ ಮತ್ತೇನಲ್ಲ, ಆರು ಅಯಸ್ಕಾಂತದ ಕಡ್ಡಿಗಳಿಗೆ ತಲೆಕೂದಲಿನಷ್ಟು ಸಪೂರ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಎಲ್ಲಿ ತುಂಡಾಗಿದೆ ಎಂದು ಹುಡುಕಲು ನನ್ನ ಕಣ್ಣಿಗೂ ಕೈಗೂ ಆಗುವ ಕೆಲಸ ಅಲ್ಲ. ಹೊಸದು ತರಿಸಬಹುದಿತ್ತು. ಆದರೆ ಆ ಹೊತ್ತಿಗೆ ನನಗೆ ಗಿಟಾರಿಗಿಂತ ಗಾಯವೇ ಮುಖ್ಯ ಆಗಿತ್ತು. ಹೆಂಡತಿ, "ಆಫೀಸಿಗೆ ರಜೆ ಹಾಕಿದ್ದು ಇದಕ್ಕಾ?" ಎಂದು ಕೇಳಿದಳು. ಜ್ವರ ಎಂದೆ. ಪೂರ್ತಿ ಸುಳ್ಳಲ್ಲ.

ಬಂದರಿನ ಒಂದು ಓಣಿಯಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಣ್ಣ ಒಬ್ಬರಿದ್ದಾರೆ. ನಮ್ಮ ಬಾವಿಯ ಮೋಟಾರ್ ಎರಡು ಸಲ ಸುಟ್ಟಾಗ ಬದುಕಿಸಿಕೊಟ್ಟವರು. ಅವರ ಮುಂದೆ ಪಿಕಪ್ ಇಟ್ಟೆ. ತಿರುಗಿಸಿ ನೋಡಿ, "ಎಂತದ್ದು ಮಾರಾಯ್ರೆ ಇದು, ಇಲಿಯ ಮೋಟಾರಾ?" ಎಂದರು. ವಿವರಿಸಿದೆ. ಇದಕ್ಕೆ ಕರೆಂಟ್ ಎಲ್ಲಿಂದ ಎಂದು ಕೇಳಿದರು. ಹೊರಗಿನಿಂದ ಇಲ್ಲ, ಮೇಲೆ ಉಕ್ಕಿನ ತಂತಿ ಅದುರಿದರೆ ಇದರಲ್ಲಿ ಕರೆಂಟ್ ಹುಟ್ಟುತ್ತದೆ ಎಂದೆ. ಅವರು ಕನ್ನಡಕ ಹಣೆಗೆ ಏರಿಸಿ ನನ್ನನ್ನೇ ನೋಡಿದರು. "ಅಂದರೆ ಸೈಕಲ್ಲಿನ ಡೈನಮೋ!"

ಅಷ್ಟೇ. ನಾನು ಎಷ್ಟೋ ರಾತ್ರಿ ಓದಿ ತಿಳಿದುಕೊಂಡದ್ದು ಅವರಿಗೆ ಒಂದು ಶಬ್ದದಲ್ಲಿ ಮುಗಿಯಿತು.

ಭೂತಗನ್ನಡಿ ಹಿಡಿದು ನೋಡಿದರು. ತುಂಡಾಗಿದ್ದದ್ದು ಒಳಗಲ್ಲ, ಸುರುಳಿಯ ಹೊರತುದಿಯಲ್ಲೇ. ತಂತಿಯನ್ನು ಬೆಸೆದ ಜಾಗದಲ್ಲಿ ತಾಮ್ರ ಹಸಿರು ಕಿಲುಬು ಹಿಡಿದು ಕಡಿದಿತ್ತು. "ಸಮುದ್ರದ ಗಾಳಿ ಕುಡಿದಿದೆ ಇದು" ಎಂದರು. ಬೆಂಗಳೂರಿನಿಂದ ಬಂದದ್ದಲ್ವಾ ಎಂದೆ. "ಅದಕ್ಕೆ ಮುಂಚೆ ಎಲ್ಲಿತ್ತೋ ಯಾರಿಗೆ ಗೊತ್ತು?" ಒಂದೇ ಒಂದು ಸುತ್ತು ಬಿಡಿಸಿ, ತುದಿಯ ವಾರ್ನಿಷ್ ಕೆರೆದು, ಉಸಿರು ಬಿಗಿಹಿಡಿದು ಬೆಸೆದರು. ಮೀಟರ್ ಇಟ್ಟೆವು. 5.8. ಸಾವಿರಾರು ಸುತ್ತಿನಲ್ಲಿ ಒಂದು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಐವತ್ತು ರೂಪಾಯಿ ತೆಗೆದುಕೊಂಡರು. "ಶಬ್ದ ಬಂದರೆ ಹೇಳಿ ಆಯ್ತಾ" ಎಂದರು.

ಈ ಗಿಟಾರನ್ನು ರೂಪಿಸಿದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಅವರಿಗೂ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಸಂಗೀತಗಾರ ಆಗಿದ್ದರೆ ಕತ್ತನ್ನು ನಾಲ್ಕು ಸ್ಕ್ರೂಗಳಲ್ಲಿ ಬಿಗಿಯುವ ಧೈರ್ಯ ಮಾಡುತ್ತಿದ್ದರೋ ಇಲ್ಲವೋ! ನಾಳೆ ಇದು ಹಾಳಾಗುತ್ತದೆ, ಯಾರೋ ಬಿಚ್ಚಬೇಕಾಗುತ್ತದೆ ಎಂದು ಮೊದಲೇ ಯೋಚಿಸುವುದು ರಿಪೇರಿಯವರ ಬುದ್ಧಿ. ಈ ವಿಷಯ ಗೊತ್ತಾದ ದಿನದಿಂದ ನುಡಿಸಲು ಬಾರದ ನಾಚಿಕೆ ನನಗೆ ಸ್ವಲ್ಪ ಕಡಿಮೆ ಆಗಿದೆ. ಹೆಂಡತಿಗೂ ಹೇಳಿದೆ. "ಅವರು ಅದರಲ್ಲಿ ದುಡ್ಡು ಮಾಡಿದ್ರಲ್ಲ" ಎಂದಳು.

ಕರೆಯೋಲೆಯ ತುಂಡನ್ನು ಇದ್ದಲ್ಲಿಯೇ ಇಟ್ಟು, ಕತ್ತು ಕೂರಿಸಿ, ನಾಲ್ಕು ಸ್ಕ್ರೂ ಬಿಗಿದೆ. ಕೊನೆಯ ಕಾಲು ಸುತ್ತು ಬೇಕೆಂದೇ ಬಿಟ್ಟೆ. ಮಾರನೇ ದಿನ ಬೆಳಿಗ್ಗೆ ಶ್ರುತಿ ಹಾಗೆಯೇ ನಿಂತಿತ್ತು. ಬೆಂಕಿಕಡ್ಡಿಗಳನ್ನು ಬಿಸಾಡಲು ಮನಸ್ಸಾಗಲಿಲ್ಲ. ಮದ್ದು ಇದ್ದದ್ದನ್ನು ಅಮ್ಮ ದೇವರ ದೀಪಕ್ಕೆ ಗೀರಿ ನೋಡಿದರು, ಹತ್ತಲಿಲ್ಲ.

ಶನಿವಾರ ಮಧ್ಯಾಹ್ನ ಗಿಟಾರನ್ನೂ ಒಂದು ಸಣ್ಣ ಆಂಪ್ಲಿಫೈಯರನ್ನೂ ಹಿಡಿದು ಬಂದರಿಗೆ ಹೋದೆ. ಶಬ್ದ ಬಂದರೆ ಹೇಳಿ ಎಂದಿದ್ದರಲ್ಲ. ಪ್ಲಗ್ ಹಾಕಿ, ಸ್ವಿಚ್ಚನ್ನು ತುದಿಗೆ ತಳ್ಳಿ, ದಪ್ಪ ತಂತಿಯನ್ನು ಮೀಟಿದೆ. ಬಂತು. ಅದರ ಜೊತೆಗೆ "ಝುಂಯ್" ಎಂದು ಇನ್ನೊಂದು ಶಬ್ದವೂ ಬಂತು. ಅಣ್ಣ ಕಿವಿ ಕೊಟ್ಟು ಕೇಳಿ, ಸೀದಾ ಎದ್ದು ಹೋಗಿ ಮೇಜಿನ ಮೇಲೆ ಪರೀಕ್ಷೆಗೆ ಓಡುತ್ತಿದ್ದ ಮೋಟಾರ್ ಬಂದ್ ಮಾಡಿದರು. ಝುಂಯ್ ಇಳಿಯಿತು. ಹಾಕಿದರು, ಏರಿತು. ಮುಖ ಅರಳಿತು. "ನನ್ನ ಮೋಟಾರನ್ನೂ ಹಿಡಿತದೆ ಇದು!"

ಗಿಟಾರನ್ನು ನನ್ನ ಕೈಯಿಂದ ತೆಗೆದುಕೊಂಡು, ಮಗುವನ್ನು ಹಿಡಿದ ಹಾಗೆ ಅಡ್ಡ ಹಿಡಿದು, ಬಾಗಿಲಿನ ಕಡೆ ತಿರುಗಿದರು. ಸದ್ದು ಸ್ವಲ್ಪ ಕಡಿಮೆ ಆಯಿತು. ಕಪಾಟಿನ ಕಡೆ ತಿರುಗಿದರು, ಜಾಸ್ತಿ ಆಯಿತು. "ಇನ್ನು ಸ್ವಲ್ಪ ಎಡಕ್ಕೆ" ಎಂದೆ ನಾನು. ತಂತಿಯನ್ನು ಇಬ್ಬರೂ ಮುಟ್ಟಲಿಲ್ಲ. ಸದ್ದು ಪೂರ್ತಿ ಅಡಗುವ ಒಂದು ದಿಕ್ಕು ಇರಲೇಬೇಕು ಎಂದು ಆ ಸಣ್ಣ ಅಂಗಡಿಯಲ್ಲಿ ಸುತ್ತುತ್ತಿದ್ದೆವು. ಸುಟ್ಟ ಮೋಟಾರನ್ನು ಗೋಣಿಯಲ್ಲಿ ಕಟ್ಟಿ ತಂದು ಬಾಗಿಲಲ್ಲಿ ಕಾಯುತ್ತಿದ್ದ ಒಬ್ಬರು ಸ್ವಲ್ಪ ಹೊತ್ತು ನೋಡಿ ಕೇಳಿದರು, "ಹಾಡು ಎಂತದ್ದೂ ಇಲ್ವಾ?"