ಜಾಮೀನಿಗೂ ವಾಕ್ಯ ಅದ
ವಿಶ್ವಾಸ ಮತ್ತು ದುಡ್ಡಿನ ಬಗ್ಗೆ ನಿಮ್ಮ ಬರಹ ಓದಿದೆ. ದುಡ್ಡಲ್ಲ, ದುಡ್ಡಿನಾಸೆ ಕೆಟ್ಟದ್ದು ಅಂತ ಬರೆದಿದ್ದೀರಿ. ಒಪ್ಪಿದೆ, ಬೈಬಲಿನ 1 ತಿಮೊಥೆಯ 6:10 ಹೇಳೋದೂ ಅದನ್ನೇ. ಆದರೆ ವಿಶ್ವಾಸ ಇದ್ದವನು ರಿಸ್ಕಿಗೆ ಹೆದರಬಾರದು ಅಂದಿರಲ್ಲ, ಅಲ್ಲಿ ನನ್ನ ತಕರಾರು.

ನಮ್ಮ ಬೀದರ್‌ನಲ್ಲಿ ಚರ್ಚಿನ ಗೆಳೆಯನೊಬ್ಬನ ಸಾಲಕ್ಕೆ ಪ್ರಾರ್ಥನೆ ಮಾಡಿಯೇ ಜಾಮೀನು ನಿಂತೆ. ಅವನು ಹೈದರಾಬಾದ್ ಸೇರಿದ, ಕಂತು ನನ್ನ ಕೊರಳಿಗೆ ಬಿತ್ತು. ಬೆಳೆದ ಸೋಯಾ ಮಾರಿ, ಅಡತಿ (ದಲ್ಲಾಳಿ) ಅಂಗಡಿಯ ಲೆಕ್ಕದ ಪಟ್ಟಿ ಕೈಗೆ ಬರೋದರೊಳಗೆ ಆ ದುಡ್ಡು ಕಂತಿನ ಲೆಕ್ಕದಲ್ಲಿ ಖರ್ಚು! ಜಾಮೀನು ನಿಂತರೆ ಮಲಗುವ ಹಾಸಿಗೆಯೂ ಹೋದೀತು ಅಂತ ಜ್ಞಾನೋಕ್ತಿ 22:26-27ರಲ್ಲಿ ಅದ. ನಾನು ಓದಿದ್ದು ಸಹಿ ಹಾಕಿದ ಮೇಲೆ. ಪ್ರಸಂಗಿ 11:2 ಅಂತೂ ಇದ್ದದ್ದನ್ನ ಏಳೆಂಟು ಪಾಲು ಮಾಡು ಅಂತದ. ಅದಕ್ಕೇ ಒಂದೇ ಬೆಳೆ ನಂಬದೆ ಈಗ ಸೋಯಾ ಸಾಲುಗಳ ನಡುವೆ ತೊಗರಿನೂ ಹಾಕ್ತೀನಿ.

ಕಡೇ ಕಂತು ಕಟ್ಟಿದ ರಾತ್ರಿ ರೊಟ್ಟಿ, ಪುಂಡಿಪಲ್ಯ ಉಂಡು ಮಲಗಿದವನಿಗೆ ಬೆಳಗಿನ ಚರ್ಚ್ ಗಂಟೆ ಕೇಳಿಸಲೇ ಇಲ್ಲ.